ರೇಡಿಯೋದಲ್ಲಿ ಮೊಳೆತದ್ದು

ಬೀಜ ಮೊಳೆಯಲು ನೆಲ ಬೇಕು ಎಂಬ ಮನುಷ್ಯಕುಲದ ಮೂಢನಂಬಿಕೆಯನ್ನು ಅಜ್ಜಂಪುರದಿಂದಲೇ ಬುಡಸಮೇತ ಕಿತ್ತೆಸೆಯುತ್ತೇನೆಂದು ನಾನು ಪಣ ತೊಟ್ಟದ್ದು ಎಪ್ಪತ್ತೆಂಟನೆಯ ಇಸವಿಯ ಸಂಕ್ರಾಂತಿ ಕಳೆದ ಮೇಲೆ. ಪಣ ತೊಡುವಾಗ ಅಡುಗೆಮನೆಯ ಹೊಸ್ತಿಲ ಮೇಲೆ ನಿಂತಿದ್ದೆ. ಕೈಯಲ್ಲೊಂದು ರಟ್ಟಿನ ಪೆಟ್ಟಿಗೆ. ಎದುರಿಗೆ ನನ್ನ ಹೆಂಡತಿ ಮಲ್ಲಿಕಾಂಬ ರೊಟ್ಟಿ ತಟ್ಟುತ್ತಿದ್ದಳು.

“ಇನ್ನು ಮೇಲೆ ಈ ಮನೆಯಲ್ಲಿ ವ್ಯವಸಾಯ ನಡೆಯುತ್ತೆ!” ಎಂದು ಘೋಷಿಸಿದೆ.

“ಮೊದ್ಲು ಹೊಸ್ತಿಲು ಬಿಟ್ಟು ಇಳೀರಿ. ಎಲ್ಲಿ ನಡೆಯುತ್ತೆ?”

“ಮನೆ ಒಳಗೇ! ನೆಲ ಬೇಡ, ನೇಗಿಲು ಬೇಡ, ಗೊಬ್ಬರ ಬೇಡ!”

ಮಲ್ಲಿಕಾಂಬ ರೊಟ್ಟಿಯನ್ನು ಹೆಂಚಿನ ಮೇಲೆ ತಿರುವಿ ಹಾಕಿದಳು. “ಊರ ತುಂಬ ನೆಲ ಸುಮ್ನೆ ಬಿದ್ದೈತೆ. ನಿಮ್ಮ ಬೀಜಕ್ಕೆ ಮಾತ್ರ ಮನೆ ಒಳಗೇ ಜಾಗ ಬೇಕಾ? ಏನು, ಅದಕ್ಕೆ ಬಾಣಂತನನಾ?”

ಹೆಂಗಸರಿಗೆ ವಿಜ್ಞಾನ ಅರ್ಥವಾಗದು ಎಂದು ನಾನು ಆಗ ನಂಬಿದ್ದೆ. ಆ ನಂಬಿಕೆ ಎಲ್ಲಿಗೆ ಹೋಯಿತು ಎಂಬುದೇ ಈ ಕಥೆ.

ಪೆಟ್ಟಿಗೆ ಎಲ್ಲಿಂದ ಬಂತು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು, ಓಂಕಾರಮೂರ್ತಿ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರು. ಎಮ್ಮೆದೊಡ್ಡಿ ಕಾವಲಿನ ಹುಲ್ಲುಗಾವಲಲ್ಲಿ ಮೇಯುವ ಅಮೃತಮಹಲ್ ದನಗಳನ್ನು ನೋಡಲು ನಾರ್ವೆ ದೇಶದಿಂದ ಒಬ್ಬ ಪಶುತಜ್ಞರು ಬಂದಿದ್ದರು. ಅವರ ಜೊತೆ ಮಾತಾಡಲು ಜನ ಬೇಕಾಗಿತ್ತು. ನಮ್ಮ ಹೆಡ್ಮಾಸ್ಟರು “ನಮ್ಮಲ್ಲಿ ಇಂಗ್ಲಿಷ್ ಮೇಷ್ಟ್ರೇ ಇದ್ದಾರಲ್ಲ!” ಎಂದು ನನ್ನನ್ನು ಮುಂದೆ ತಳ್ಳಿದರು.

ನನಗೆ ಇಂಗ್ಲಿಷ್ ಬರುವುದಿಲ್ಲವೆಂದಲ್ಲ. ಕೈಯಲ್ಲಿ ಸೀಮೆಸುಣ್ಣ, ಬೆನ್ನ ಹಿಂದೆ ಕರೀಹಲಗೆ ಇದ್ದರೆ ಚೆನ್ನಾಗಿಯೇ ಬರುತ್ತದೆ. ಆದರೆ ಆ ಮಹಾನುಭಾವರ ಬಾಯಿಂದ ಹೊರಟ ಇಂಗ್ಲಿಷ್, ಅಜ್ಜಂಪುರದಲ್ಲಿ ನಿಲ್ಲದ ರೈಲಿನಂತೆ ಧಡಧಡನೆ ಹಾದುಹೋಗುತ್ತಿತ್ತು. ನಾನು ಪ್ಲಾಟ್‌ಫಾರಂ ಮೇಲೆ ನಿಂತು ಹಸಿರು ಬಾವುಟ ತೋರಿಸಿದ ಹಾಗೆ ಸಂದು ಸಿಕ್ಕಲ್ಲೆಲ್ಲ “ಯಸ್ ಸಾರ್” ಅನ್ನುತ್ತಿದ್ದೆ. ಕಾವಲಿನಲ್ಲಿ ಒಂದು ಹೋರಿಯನ್ನು ತೋರಿಸಿ, ಇದು ಹಾಯುತ್ತದೆಯೇ ಎಂದು ಕೇಳಿದರಂತೆ. ಯಸ್ ಸಾರ್! ಮೈ ಸವರಬಹುದೇ ಎಂದು ಕೇಳಿದರಂತೆ. ಯಸ್ ಸಾರ್! ಪಾಪ, ಆ ಮನುಷ್ಯ ಚಾಚಿದ ಕೈಯನ್ನು ಹಿಂದಕ್ಕೂ ತೆಗೆಯದೆ ಮುಂದಕ್ಕೂ ಒಯ್ಯದೆ ಬಹಳ ಹೊತ್ತು ನಿಂತಿದ್ದರು. ಹೋರಿಗೇ ಬೇಸರ ಬಂದು ಎದ್ದು ಹೋಯಿತು.

ಹೊರಡುವಾಗ ಅವರು ಚೀಲದಿಂದ ಈ ಪೆಟ್ಟಿಗೆಯನ್ನೂ ಒಂದು ಪುಟ್ಟ ಬೀಜದ ಪೊಟ್ಟಣವನ್ನೂ ತೆಗೆದು ನನ್ನ ಕೈಗಿಟ್ಟರು. ಬಹಳ ಉತ್ಸಾಹದಿಂದ ಏನೇನೋ ವಿವರಿಸಿದರು. ನನ್ನ ಕಿವಿಗೆ ಸಿಕ್ಕಿದ್ದು ನೀರು, ಬೆಚ್ಚಗೆ, ಒಳಗೆ, ಈ ಮೂರು ಮಾತು. ಉಳಿದದ್ದಕ್ಕೆ ಯಸ್ ಸಾರ್.

ಪೆಟ್ಟಿಗೆಯಲ್ಲಿ ಕಂದು ಬಣ್ಣದ ಬಿಲ್ಲೆಗಳಿದ್ದವು. ಕೋಡುಬಳೆಯ ಹಿಟ್ಟನ್ನು ಚಪ್ಪಟೆ ಮಾಡಿ ಒಣಗಿಸಿದರೆ ಹೇಗೋ ಹಾಗೆ. ಪ್ರತಿಯೊಂದಕ್ಕೂ ಮೈಮೇಲೆ ತೆಳುವಾದ ಬಲೆಯ ಅಂಗಿ, ನೆತ್ತಿಯಲ್ಲೊಂದು ಗುಳಿ. ಜೊತೆಗಿದ್ದ ಚೀಟಿ ಅವರ ದೇಶದ ಭಾಷೆಯಲ್ಲಿತ್ತು. ಪುಣ್ಯಕ್ಕೆ ಚಿತ್ರಗಳಿದ್ದವು. ಬಿಲ್ಲೆಗೆ ನೀರು ಹಾಕು, ಬಿಲ್ಲೆ ಊದುತ್ತದೆ, ಗುಳಿಯಲ್ಲಿ ಬೀಜ ಹಾಕು, ಮನೆಯೊಳಗೆ ಬೆಚ್ಚಗಿಡು, ಸಸಿ ಬರುತ್ತದೆ, ಬಿಲ್ಲೆ ಸಮೇತ ಒಯ್ದು ನೆಡು. ಇಷ್ಟೇ! ಆದರೆ ಏನಿನ ಸಸಿ? ಪೊಟ್ಟಣದ ಮೇಲೆ ಹೆಸರಿಲ್ಲ, ಚಿತ್ರವಿಲ್ಲ. ಅವರು ಹೇಳಿಯೇ ಇರಬೇಕು. ನಾನು ಯಸ್ ಸಾರ್ ಅಂದಿರಬೇಕು.

“ಬೀಜ ತೋರ್ಸಿ ನೋಡಾಣ,” ಎಂದಳು ಮಲ್ಲಿಕಾಂಬ. ಅವಳು ತರೀಕೆರೆ ಕಡೆಯ ರೈತರ ಮನೆಯ ಮಗಳು.

“ಗಾಳಿ ತಾಗಿದ್ರೆ ಕೆಡುತ್ತೆ!” ಎಂದು ಪೊಟ್ಟಣವನ್ನು ಜೇಬಿಗೆ ಸೇರಿಸಿದೆ. ಅಂದು ತೋರಿಸಿಬಿಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಮೊದಲ ಪ್ರಯೋಗ ಅಡುಗೆಮನೆಯಲ್ಲೇ ನಡೆಯಿತು. ತಟ್ಟೆಯಲ್ಲಿ ಒಂದು ಬಿಲ್ಲೆ ಇಟ್ಟು ಉಗುರುಬೆಚ್ಚಗಿನ ನೀರು ಹೊಯ್ದೆ. ಅದೇ ಹೊತ್ತಿಗೆ ಪಕ್ಕದ ಮನೆಯ ಕಾಂತಮ್ಮ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವರು ಬಾಗಿ ನೋಡಿದರು.

“ಇದೇನ್ ಮೇಷ್ಟ್ರೇ, ಮಾತ್ರೆನಾ? ಅಯ್ಯೋ ಶಿವನೇ, ಯಾರಿಗೆ ಇಷ್ಟು ದೊಡ್ಡ ಕಾಯಿಲೆ?”

ಬಿಲ್ಲೆ ಒಮ್ಮೆ ಗುಳುಗುಳು ಎಂದಿತು. ಆಮೇಲೆ ನಿದ್ದೆಯಿಂದ ಏಳುವವರ ಹಾಗೆ ನಿಧಾನವಾಗಿ ತಲೆ ಎತ್ತಿತು. ಎತ್ತಿತು, ಇನ್ನೂ ಎತ್ತಿತು! ನಾಣ್ಯದ ಹಾಗಿದ್ದದ್ದು ನೋಡನೋಡುತ್ತಿದ್ದಂತೆ ಪುಟ್ಟ ಟೋಪಿಯಾಯಿತು. ಬಲೆಯ ಅಂಗಿ ಬಿಗಿದುಕೊಂಡಿತು. ನಾವು ಮೂವರೂ ತಟ್ಟೆಯ ಸುತ್ತ ಕುಕ್ಕರುಗಾಲಲ್ಲಿ ಕೂತು ಉಸಿರು ಬಿಗಿಹಿಡಿದಿದ್ದೆವು. ಹೆಂಚಿನ ಮೇಲೆ ರೊಟ್ಟಿ ಸೀಯುತ್ತಿದ್ದದ್ದು ಯಾರಿಗೂ ಗೊತ್ತಾಗಲಿಲ್ಲ.

“ಒಳಗೆ ಏನೋ ಜೀವ ಐತೆ ಕಣೇ ಮಲ್ಲೀ!” ಎಂದು ಕಾಂತಮ್ಮ ಮಜ್ಜಿಗೆ ಮರೆತು ಓಡಿದರು. ಸಂಜೆಯೊಳಗೆ ಬೀದಿಗೆ ಬೀದಿಯೇ ನಮ್ಮ ಮನೆಗೆ ಬಂದು, ಒಂದು ಬಿಲ್ಲೆ ಎದ್ದು ಕೂರುವುದನ್ನು ನೋಡಿಕೊಂಡು ಹೋಯಿತು. ನೋಡಲು ಬಂದವರಿಗೆಲ್ಲ ಒಂದೊಂದು ಬಿಲ್ಲೆ ಊದಿಸಿ ತೋರಿಸಿ ತೋರಿಸಿ, ಕೊನೆಗೆ ಒಂದು ದೊಡ್ಡ ತಟ್ಟೆಗೆ ಆಗುವಷ್ಟು ಮಾತ್ರ ಉಳಿದವು. ಅವುಗಳಲ್ಲಿ ಬೀಜ ಹಾಕಿದೆ.

ಇನ್ನು ಬೆಚ್ಚಗಿನ ಜಾಗ ಹುಡುಕಬೇಕು. ಬಚ್ಚಲ ಒಲೆಯ ಕಟ್ಟೆಯ ಮೇಲೆ ಒಂದು ದಿನ ಇಟ್ಟೆ. ಅಂಚಿನ ಸಾಲು ಒಣಗಿ ನಿಪ್ಪಟ್ಟಾಯಿತು. ಕಂಬಳಿಯೊಳಗೆ ಸುತ್ತಿಟ್ಟೆ. ಮಲ್ಲಿಕಾಂಬ ಕಂಬಳಿ ಕೊಡವಿ, “ಇದ್ರಾಗೆ ಇನ್ನೊಂದ್ ಸಲ ಕೆಸರು ಕಂಡ್ರೆ ನಿಮ್ಮನ್ನೂ ಕೊಡವ್ತೀನಿ!” ಎಂದಳು. ನಾನು ತಟ್ಟೆ ಹಿಡಿದು ಮನೆಯೆಲ್ಲ ಅಲೆಯುತ್ತಿದ್ದಾಗ ನಮ್ಮ ಬೆಕ್ಕು ಕಣ್ಣಿಗೆ ಬಿತ್ತು. ಅದು ಎಂದಿನಂತೆ ರೇಡಿಯೋ ಮೇಲೆ ಸುರುಳಿ ಸುತ್ತಿ ಮಲಗಿತ್ತು.

ಆಹಾ! ಆ ರೇಡಿಯೋ ನಮ್ಮ ಮದುವೆಯಲ್ಲಿ ಮಾವ ಬಸವರಾಜಪ್ಪನವರು ಕೊಟ್ಟದ್ದು. ಮರದ ಪೆಟ್ಟಿಗೆ, ಒಳಗೆ ಬಲ್ಬಿನ ಹಾಗೆ ಕಾಯುವ ವಾಲ್ವುಗಳು. ಹಚ್ಚಿದರೆ ಮಾತಾಡುವ ಮುಂಚೆ ಸ್ವಲ್ಪ ಹೊತ್ತು ಯೋಚಿಸುವ ಗಂಭೀರ ಸ್ವಭಾವದ್ದು. ಎರಡು ವಾರ್ತೆ ಮುಗಿಯುವಷ್ಟರಲ್ಲಿ ಅದರ ನೆತ್ತಿ ಹಿತವಾಗಿ ಬೆಚ್ಚಗಾಗುತ್ತಿತ್ತು. ಬೆಕ್ಕಿಗೆ ಗೊತ್ತಿದ್ದ ವಿಜ್ಞಾನ ಇಷ್ಟು ದಿನ ನನಗೆ ಗೊತ್ತಿರಲಿಲ್ಲ! ಬೆಕ್ಕನ್ನು ಒಕ್ಕಲೆಬ್ಬಿಸಿದೆ, ತಟ್ಟೆಯನ್ನು ಪ್ರತಿಷ್ಠಾಪಿಸಿದೆ.

“ಅದು ನಮ್ಮಪ್ಪ ಕೊಟ್ಟ ರೇಡಿಯೋ ಕಣ್ರೀ. ಅದ್ರ ಮೇಲೆ ನೀರಿನ ತಟ್ಟೆ ಇಡ್ತೀರಲ್ಲ!”

“ನಿಮ್ಮಪ್ಪ ರೈತರು ತಾನೆ? ರೈತರು ಕೊಟ್ಟ ರೇಡಿಯೋ ಬೆಳೆಗೆ ಬರದೆ ಇನ್ಯಾತಕ್ಕೆ ಬಂದೀತು?”

ಆ ಭಾನುವಾರ ಏನೋ ಕೆಲಸಕ್ಕೆ ಮಾವನ ಮನೆಗೆ ಹೋಗಿದ್ದೆ. ಊಟಕ್ಕೆ ಕೂತಾಗ ನನ್ನ ನಾಲಿಗೆ ಸುಮ್ಮನಿರಲಿಲ್ಲ. ಬಿಲ್ಲೆಯ ಕಥೆಯನ್ನು ಪಲ್ಯ ಬಡಿಸುವ ಹೊತ್ತಿಗೆ ಶುರು ಮಾಡಿ ಮಜ್ಜಿಗೆಯವರೆಗೆ ಎಳೆದೆ. ಮಾವ ಬಾವಿ ತೋಟದಲ್ಲಿ ತರಕಾರಿ ಬೆಳೆಯುವುದರಲ್ಲಿ ಆ ಸೀಮೆಗೇ ಹೆಸರಾದವರು. ಅವರು ತುತ್ತು ಕೈಯಲ್ಲೇ ಹಿಡಿದು ಕೇಳಿದರು.

“ಬೆಳೆ ಯಾವ್ದು ಅಳಿಯಂದ್ರೇ?”

ಗೊತ್ತಿಲ್ಲ ಅನ್ನಬಹುದಾಗಿತ್ತು. ಅಳಿಯನಾದವನು ಅನ್ನುವುದುಂಟೇ?

“ಫಾರಿನ್ ಬೆಳೆ ಮಾವ. ಹೆಸರು ಹೇಳಿದ್ರೆ ಬಾಯಲ್ಲಿ ತಿರುಗಲ್ಲ. ನಮ್ಮ ದೇಶದಲ್ಲಿ ಇನ್ನೂ ಯಾರೂ ಕಂಡಿಲ್ಲ!”

“ಹಣ್ಣೋ, ಕಾಯೋ, ಗೆಡ್ಡೆಯೋ?”

“ಮೂರೂ!” ಎಂದುಬಿಟ್ಟೆ.

ಮಾವನ ಕಣ್ಣು ಅರಳಿತು. ಅತ್ತೆ ತೀರ್ಥಮ್ಮನವರು ಮಾತ್ರ ನನ್ನ ಮುಖ ನೋಡಿ ಇನ್ನೊಂದು ಸೌಟು ಮಜ್ಜಿಗೆ ಹಾಕಿದರು.

ಊರಿಗೆ ಬಂದು ನೋಡಿದರೆ ಬಿಲ್ಲೆಗಳು ಹಾಗೇ ಇದ್ದವು. ಮಾರನೆಯ ದಿನವೂ ಹಾಗೇ. ಅದರ ಮಾರನೆಯ ದಿನವೂ. ಚಿತ್ರದಲ್ಲಾದರೆ ಒಂದು ಚೌಕದಿಂದ ಇನ್ನೊಂದು ಚೌಕಕ್ಕೆ ಸಸಿ ಬಂದುಬಿಟ್ಟಿತ್ತು! ಒಳಗೆ ಏನು ನಡೆಯುತ್ತಿದೆ? ಬೇರು ಬಿಟ್ಟಿದೆಯೇ? ಮಲಗಿದೆಯೇ? ನನಗೆ ಪಾಠ ಮಾಡುವಾಗಲೂ ಅದೇ ಧ್ಯಾನ. ಕೊನೆಗೆ ತಡೆಯಲಾರದೆ ಹೆಂಡತಿಯ ಹೇರ್‌ಪಿನ್ನು ತೆಗೆದುಕೊಂಡು ಒಂದು ಬಿಲ್ಲೆಯ ಗುಳಿಯನ್ನು ಮೆಲ್ಲಗೆ ಕೆದಕಿದೆ. ಏನೂ ಕಾಣಲಿಲ್ಲ. ಇನ್ನೊಂದನ್ನು ಕೆದಕಿದೆ. ಬೆಳಿಗ್ಗೆ ಸ್ನಾನಕ್ಕೆ ಮುಂಚೆ ಒಮ್ಮೆ, ಸ್ಕೂಲಿಂದ ಬಂದು ಒಮ್ಮೆ ಕೆದಕುವುದು ಅಭ್ಯಾಸವಾಯಿತು. ಬಲೆಯ ಅಂಗಿಗಳು ಹರಿದವು. ಟೋಪಿಗಳು ಕುಸಿದವು. ತಟ್ಟೆಯಲ್ಲಿ ಗಟ್ಟಿ ಹುಳಿಯಂಥದ್ದು ಉಳಿಯಿತು.

“ಪಾಪದ ಬೀಜ! ನಿದ್ದೆ ಮಾಡ್ತಾ ಇರೋರನ್ನ ಗಳಿಗೆಗೊಂದ್ಸಲ ಎಬ್ಸಿ ‘ನಿದ್ದೆ ಬಂತಾ?’ ಅಂತ ಕೇಳ್ದಂಗಾಯ್ತು!” ಎಂದಳು ಮಲ್ಲಿಕಾಂಬ.

ನೀರು ಸಾಲದೇನೋ ಎಂದು ನನಗನ್ನಿಸಿತು. ಒಂದು ಚೊಂಬು ತಂದು ಹೊಯ್ದೆ. ಚಿತ್ರದಲ್ಲಿ ಹನಿ ಇತ್ತು, ಚೊಂಬು ಇರಲಿಲ್ಲ, ನಿಜ. ರೇಡಿಯೋದಲ್ಲಿ ಪ್ರದೇಶ ಸಮಾಚಾರ ಬರುತ್ತಿತ್ತು. ತಟ್ಟೆ ಹಿಂದಕ್ಕೆ ವಾಲಿತು. ಒಂದು ಸಾಲು ಬಿಲ್ಲೆಗಳು ಜಾರಿ, ರೇಡಿಯೋದ ಬೆನ್ನಿನ ತೂತುತೂತು ರಟ್ಟಿನೊಳಕ್ಕೆ ನೀರು, ಮಣ್ಣು, ಬೀಜಗಳ ಸಮೇತ ಇಳಿದವು. ಸಮಾಚಾರ ಓದುತ್ತಿದ್ದವರು “ಮುಖ್ಯಾಂಶಗಳು ಮತ್ತೊಮ್ಮೆ” ಅಂದರು. ಛಟ್! ಒಳಗಿಂದ ನೀಲಿ ಬೆಳಕು ಮಿಂಚಿತು. ಸುಟ್ಟ ವಾಸನೆ ಬಂತು. ಆಮೇಲೆ ಮನೆಯಲ್ಲಿ ಎಂಥ ಮೌನ ಕವಿಯಿತೆಂದರೆ ಬೆಕ್ಕು ಕೂಡ ಎದ್ದು ಬಂದು ನನ್ನ ಮುಖ ನೋಡಿತು.

“ಮುಖ್ಯಾಂಶ ಇಷ್ಟೇ,” ಎಂದಳು ಮಲ್ಲಿಕಾಂಬ. “ನಮ್ಮಪ್ಪನಿಗೆ ಏನಂತ ಹೇಳ್ತೀರಿ?”

“ಒಣಗಿದ್ರೆ ಸರಿಹೋಗುತ್ತೆ. ನೀನು ಸುಮ್ಮನಿರು.”

ಪ್ಲಗ್ಗು ಕಿತ್ತು, ರೇಡಿಯೋ ಮೇಲೆ ಒಂದು ಕಸೂತಿ ಬಟ್ಟೆ ಹೊದಿಸಿ, ಅದು ಮೌನವ್ರತದಲ್ಲಿದೆ ಎಂಬಂತೆ ವರ್ತಿಸತೊಡಗಿದೆ. ತಟ್ಟೆಯಲ್ಲಿ ಉಳಿದ ಬಿಲ್ಲೆಗಳಲ್ಲಿ ಒಂದೂ ಮೊಳೆಯಲಿಲ್ಲ. ಸಾಕಷ್ಟು ದಿನ ಹೀಗೇ ಕಳೆಯಿತು. ಆಗ ತರೀಕೆರೆ ಬಸ್ಸಿನ ಕಂಡಕ್ಟರು ಮನೆ ಬಾಗಿಲಿಗೆ ಬಂದು ಕೂಗಿ ಹೇಳಿದ.

“ಮೇಷ್ಟ್ರೇ, ನಿಮ್ಮ ಮಾವ ಹೇಳಿ ಕಳ್ಸವ್ರೆ! ಭದ್ರಾವತಿ ರೇಡಿಯೋದೋರು ಅವ್ರ ಮಾತು ಹಿಡ್ಕೊಂಡು ಹೋಗವ್ರಂತೆ. ಶಿವರಾತ್ರಿ ಆದ್ಮೇಲಿನ ಗುರುವಾರ ಸಂಜೆ ರೈತರ ಕಾರ್ಯಕ್ರಮದಾಗೆ ಬತ್ತದಂತೆ. ಅತ್ತೇನೂ ಕರ್ಕೊಂಡು ಇಲ್ಲೇ ಬಂದು ಕೇಳ್ತಾರಂತೆ. ತಾವೇ ಕೊಡ್ಸಿರೋ ರೇಡಿಯೋದಾಗೇ ಕೇಳ್ಬೇಕು ಅಂದ್ರಪ್ಪ!”

ನನ್ನ ಕಾಲಿನ ಕೆಳಗೆ ನೆಲ ಇತ್ತೋ ಇಲ್ಲವೋ ತಿಳಿಯದು. ಮಲ್ಲಿಕಾಂಬ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಒಳಗೆ ಹೋದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

ಶಾಲೆಗೆ ರಜೆ ಹಾಕಿ ರೇಡಿಯೋವನ್ನು ಮಗುವಿನ ಹಾಗೆ ಎತ್ತಿಕೊಂಡು ರೇಡಿಯೋ ರಿಪೇರಿ ಲಕ್ಕಣ್ಣನ ಅಂಗಡಿಗೆ ಓಡಿದೆ. ಲಕ್ಕಣ್ಣ ಸ್ಕ್ರೂ ಬಿಚ್ಚಿ ಬೆನ್ನಿನ ರಟ್ಟು ತೆಗೆದು, ಟಾರ್ಚು ಬಿಟ್ಟು, ಒಳಗೆ ಇಣುಕಿ, ಬೆಚ್ಚಿ ಹಿಂದಕ್ಕೆ ಸರಿದ.

“ಸಾರ್! ನಿಮ್ಮ ರೇಡಿಯೋಗೆ ಗಡ್ಡ ಬಂದೈತೆ!”

ನಾನೂ ಇಣುಕಿದೆ. ಟ್ರಾನ್ಸ್‌ಫಾರ್ಮರಿನ ಪಕ್ಕ, ವಾಲ್ವುಗಳ ಬುಡದಲ್ಲಿ, ನನ್ನ ಬಿಲ್ಲೆಯ ಮಣ್ಣು ಒಂದು ಪುಟ್ಟ ಪಾತಿಯ ಹಾಗೆ ಕೂತಿತ್ತು. ಅದರ ತುಂಬ ಬೆಳ್ಳಗೆ, ತೆಳ್ಳಗೆ, ದಾರದೆಳೆಯಂಥ ಮೊಳಕೆಗಳು! ಒಳಗೆ ಬಿದ್ದ ಮೇಲೆ ನಾನು ಕೆದಕದಿದ್ದ, ನೋಡದಿದ್ದ, ಮರೆತೇಬಿಟ್ಟಿದ್ದ ಬೀಜಗಳು ಬೆಳಕಿನ ಕಡೆ ಕತ್ತು ಚಾಚಿಕೊಂಡು ನಿಂತಿದ್ದವು. ಒಂದು ಕ್ಷಣ ಮಾವನ ಭಯವೂ ಮರೆತುಹೋಯಿತು.

“ಏನ್ ಸಾರ್ ಇದು?”

“ಫಾರಿನ್ ಬೆಳೆ.”

“ಏನು ಬತ್ತದೆ?”

“ಅದೇ ಗೊತ್ತಿಲ್ಲ ಲಕ್ಕಣ್ಣ.” ಈ ಕಥೆಯಲ್ಲಿ ನಾನು ಮೊದಲ ಸಲ ಆಡಿದ ನಿಜ ಅದು.

“ಅದನ್ನೆಲ್ಲ ಕಿತ್ತು, ಒರೆಸಿ, ರಿಪೇರಿ ಮಾಡಿಕೊಡಪ್ಪ, ಬೇಗ,” ಎಂದೆ. ಲಕ್ಕಣ್ಣ ಎರಡೂ ಕೈಯನ್ನು ಅಡ್ಡ ಚಾಚಿದ.

“ಕೀಳೋದಾ? ಸಾರ್, ನಾನು ರೇಡಿಯೋದಾಗೆ ಹಲ್ಲಿ ಕಂಡಿದ್ದೀನಿ, ಇಲಿ ಕಂಡಿದ್ದೀನಿ, ಒಂದ್ಸಲ ಹಾವೂ ಕಂಡಿದ್ದೀನಿ. ಬೆಳೆ ಕಂಡಿರ್ಲಿಲ್ಲ. ಏನ್ ಬತ್ತದೋ ನೋಡಾಣ ಇರಿ! ಹೆಂಗಿದ್ರೂ ಒಂದು ವಾಲ್ವು ಸುಟ್ಟೈತೆ, ಬೀರೂರಿಂದ ತರಿಸ್ಬೇಕು. ಅದು ಬರೋಗಂಟ ಇದು ಬೆಳೀಲಿ.”

ರೇಡಿಯೋವನ್ನು ಬಿಸಿಲು ಬೀಳುವ ಕಡೆ ಬೆನ್ನು ಮಾಡಿ ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. ಮುಂದೆ ಒಂದು ರಟ್ಟು ತೂಗುಹಾಕಿದ. ‘ಫಾರಿನ್ ಬೆಳೆ. ಮುಟ್ಟಬಾರದು. ಊದಬಾರದು.’ ಹನಿ ಹನಿಯಾಗಿ ನೀರು ಹಾಕಲು ಇಂಕಿನ ಫಿಲ್ಲರ್ ಇಟ್ಟುಕೊಂಡ. ಸಾಕಲ್ಲ! ಸಂತೆಗೆ ಬಂದವರು, ಬಸ್ಸಿಗೆ ಕಾಯುವವರು, ರೈಲು ತಪ್ಪಿಸಿಕೊಂಡವರು ಎಲ್ಲ ಅಲ್ಲಿ ನಿಲ್ಲತೊಡಗಿದರು. ಪೋಸ್ಟ್‌ಮ್ಯಾನ್ ಹೊನ್ನಯ್ಯ ಅದು ಕೇಸರಿಯೇ ಎಂದು ಸಾಧಿಸಿದ. ಇನ್ನೊಬ್ಬರು ಗಾಂಜಾ ಎಂದು ಪಿಸುಗುಟ್ಟಿದಾಗ ನಾನು ಬೀದಿಯ ಎರಡೂ ಕಡೆ ಪೊಲೀಸರಿದ್ದಾರೆಯೇ ಎಂದು ನೋಡಿದೆ. ಒಬ್ಬ ಮುದುಕಪ್ಪ ಬಹಳ ಹೊತ್ತು ನೋಡಿ, “ಇದಕ್ಕೆ ಹಾಡು ಕೇಳ್ಸಿ, ಬೇಗ ಏಳ್ತದೆ. ಹುಟ್ಟಿರೋದು ರೇಡಿಯೋದಾಗಲ್ವಾ!” ಎಂದ. ಅಂದಿನಿಂದ ಲಕ್ಕಣ್ಣ ಪಕ್ಕದಲ್ಲಿದ್ದ ಇನ್ನೊಂದು ರೇಡಿಯೋವನ್ನು ಅದಕ್ಕಾಗಿಯೇ ಹಚ್ಚಿಡತೊಡಗಿದ. ಮೊಳಕೆಗಳು ಹಸಿರಾದವು. ಎಳೆ ಎಳೆಯಾಗಿ ಕವಲೊಡೆದವು. ನವಿಲುಗರಿಯ ತುದಿಯ ಹಾಗೆ ನಯವಾಗಿ ತೂಗಾಡಿದವು. ಮುಟ್ಟಬಾರದೆಂಬ ಆಜ್ಞೆಯಿದ್ದುದರಿಂದ ಯಾರೂ ಮುಟ್ಟಲಿಲ್ಲ. ಅಂಗಡಿಯ ತುಂಬ ಬೆಸುಗೆಗೆ ಸೀಸ, ರಾಳ ಕಾಯಿಸುವ ಘಾಟು ಇದ್ದದ್ದರಿಂದ ಬೇರೆ ವಾಸನೆಗೆ ಅಲ್ಲಿ ಜಾಗವೂ ಇರಲಿಲ್ಲ.

ನಾನೂ ಮೆಲ್ಲಗೆ ಎದೆ ಮುಂದೆ ಮಾಡಿದೆ. ಪ್ರಯೋಗ ಸೋತಿಲ್ಲ, ತಟ್ಟೆಯಿಂದ ರೇಡಿಯೋಗೆ ವರ್ಗವಾಗಿದೆ ಅಷ್ಟೇ! ಸಂಜೆ ಸಂಜೆ ಅಲ್ಲಿ ನಿಂತು ನಾರ್ವೆಯ ವ್ಯವಸಾಯದ ಬಗ್ಗೆ ಭಾಷಣ ಮಾಡುತ್ತಿದ್ದೆ. ಬೀರೂರಿನ ವಾಲ್ವು ಮಾತ್ರ ಬರಲಿಲ್ಲ. ಗುರುವಾರ ಬಂತು.

ಮಾವ ಹೊಸ ಪಂಚೆ ಉಟ್ಟು, ಜರಿ ಶಲ್ಯ ಹೊದ್ದು, ಬಸ್ಸಿನಲ್ಲಿ ಹಿಡಿಯುವಷ್ಟು ನೆಂಟರನ್ನು ಹಿಡಿದುಕೊಂಡು ಬಂದಿಳಿದರು. ಮನೆಗೆ ಕಾಲಿಟ್ಟವರೇ ಮೂಲೆ ನೋಡಿದರು.

“ಅಳಿಯಂದ್ರೇ, ರೇಡಿಯೋ ಎಲ್ಲಿ?”

“ಸರ್ವೀಸಿಗೆ ಬಿಟ್ಟಿದೀನಿ ಮಾವ. ನಿಮ್ಮ ದನಿ ಸ್ವಲ್ಪ ಗಟ್ಟಿ ಅಲ್ವಾ, ಅದಕ್ಕೆ ಮೊದಲೇ ತಯಾರು ಮಾಡ್ಸೋಣ ಅಂತ...”

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಮಲ್ಲಿಕಾಂಬ ನಗು ತಡೆಯಲಾಗದೆ ಬೀಳಿಸಿದ್ದು. “ಅಲ್ಲೇ ಹೋಗಿ ಕೇಳಾಣ ಬಾಪ್ಪಾ,” ಎಂದು ಹೊರಗೆ ಬಂದಳು. “ಅಲ್ಲಿ ನೋಡೋಕೂ ಐತೆ.”

ಮೆರವಣಿಗೆಯಲ್ಲಿ ಲಕ್ಕಣ್ಣನ ಅಂಗಡಿ ತಲುಪಿದೆವು. ಮಾವನಿಗೆ ಕುರ್ಚಿ ಹಾಕಿದರು. ಅವರು ಕೂರಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಹಿಂದುಮುಂದಾಗಿ ನಿಂತಿದ್ದ ಮರದ ಪೆಟ್ಟಿಗೆಯನ್ನು ನೋಡಿದರು. ಒಳಗೆ ನಲಿಯುತ್ತಿದ್ದ ಹಸಿರನ್ನು ನೋಡಿದರು. ಪೆಟ್ಟಿಗೆಯನ್ನು ಕತ್ತು ಓರೆ ಮಾಡಿ ಮುಂದಿನಿಂದ ನೋಡಿದರು.

“ಇದು ನಾನು ಕೊಟ್ಟ ರೇಡಿಯೋ ಅಲ್ವಾ?”

ಯಸ್ ಸಾರ್ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. “ಹೌದು ಮಾವ. ಅದು... ಅದರೊಳಗೇ ಆ ಫಾರಿನ್ ಬೆಳೆ...”

ಮಾವನ ಮುಖ ಕೆಂಪಾಗಲು ಶುರುವಾಯಿತು. ಅಷ್ಟರಲ್ಲಿ ಪಕ್ಕದ ರೇಡಿಯೋ ನನ್ನನ್ನು ಉಳಿಸಿತು. “ಪ್ರಗತಿಪರ ರೈತರಾದ ಶ್ರೀ ಬಸವರಾಜಪ್ಪನವರೊಂದಿಗೆ ಈಗ ಮಾತುಕತೆ,” ಎಂದಿತು. ಅಂಗಡಿಯ ಒಳಗೂ ಹೊರಗೂ ಜನ ಗಪ್‌ಚಿಪ್ಪಾದರು. ಮಾವ ಕೋಪವನ್ನು ಅರ್ಧಕ್ಕೇ ಬಿಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತರು.

ರೇಡಿಯೋದೊಳಗಿನ ಮಾವ ಸಸಿ ಎಬ್ಬಿಸುವ ಬಗೆ ಹೇಳುತ್ತಿದ್ದರು. ಒಟ್ಲುಪಾತಿಗೆ ಬೂದಿ ಎಷ್ಟು, ನೀರು ಎಷ್ಟು ಎಂದು. ಹೊರಗಿನ ಮಾವ “ಹೂಂ, ಸರಿಯಾಗಿ ಹೇಳ್ದ” ಎಂದು ತಲೆಯಾಡಿಸುತ್ತಿದ್ದರು. ಆಗ ಕೇಳುವವರು ಕೇಳಿದರು, “ಹೊಸ ಬೆಳೆ ಏನಾದರೂ ಹಾಕುವ ಯೋಚನೆ ಇದೆಯೇ?”

“ಐತೆ ಸಾಮಿ. ನಮ್ಮ ಅಳಿಯಂದ್ರು ಅಜ್ಜಂಪುರದಾಗೆ ಇಂಗ್ಲಿಷ್ ಮೇಷ್ಟ್ರು, ಓಂಕಾರಮೂರ್ತಿ ಅಂತ. ಬಲು ಬುದ್ಧಿವಂತ್ರು. ಅವ್ರು ಫಾರಿನ್ನಿಂದ ಒಂದು ಬೀಜ ತರ್ಸವ್ರೆ. ನಮ್ಮ ದೇಶದಾಗೆ ಯಾರೂ ಕಂಡಿಲ್ಲ. ಹಣ್ಣೂ ಬತ್ತದಂತೆ, ಕಾಯೂ ಬತ್ತದಂತೆ, ಗೆಡ್ಡೇನೂ ಬತ್ತದಂತೆ!”

ಅಂಗಡಿಯ ಮುಂದಿದ್ದ ಜನವೆಲ್ಲ ತಿರುಗಿ ನನ್ನನ್ನು ನೋಡಿತು. ನನ್ನ ಎದೆ ಆ ಬಿಲ್ಲೆಗಿಂತ ಹೆಚ್ಚು ಊದಿತು. ಮಾವನ ಮುಖದ ಕೆಂಪು ಕೂಡ ಇಳಿದು ಹೆಮ್ಮೆಯ ಬಣ್ಣಕ್ಕೆ ತಿರುಗಿತ್ತು.

“ಈ ಸಲ ಬಾವಿ ತೋಟದಾ‌ಗೆ ಅರ್ಧ ಎಕ್ರೆ ಅದನ್ನೇ ಹಾಕ್ತೀನಿ,” ಎಂದಿತು ರೇಡಿಯೋ. “ಇದು ಬಸವರಾಜಪ್ಪನ ಮಾತು. ಕಡೂರು, ತರೀಕೆರೆ, ಯಾವ ಕಡೆ ರೈತ್ರಾದ್ರೂ ಬಂದು ನೋಡ್ಬೋದು.”

ಎಲ್ಲರೂ ರೇಡಿಯೋ ಕಡೆ ಕಿವಿ ಕೊಟ್ಟಿದ್ದಾಗ ಒಬ್ಬರು ಮಾತ್ರ ಕಣ್ಣು ಬೇರೆ ಕಡೆ ಇಟ್ಟಿದ್ದರು. ಅತ್ತೆ ತೀರ್ಥಮ್ಮನವರು ಆ ಗಿಡಗಳನ್ನು ದಿಟ್ಟಿಸುತ್ತಲೇ ಇದ್ದರು. ‘ಮುಟ್ಟಬಾರದು’ ಎಂಬ ರಟ್ಟನ್ನು ಪಕ್ಕಕ್ಕೆ ಸರಿಸಿದರು. ಒಂದು ಎಸಳು ಚಿವುಟಿದರು. ಎರಡು ಬೆರಳ ಮಧ್ಯೆ ಹೊಸಕಿದರು. ಮೂಗಿಗೆ ಹಿಡಿದರು.

“ಏ ಮಲ್ಲೀ, ಇದು ಸಬ್ಬಸಿಗೆ ಕಣೇ!”

ರೇಡಿಯೋ “ಧನ್ಯವಾದಗಳು” ಎಂದಿತು.

ಎಸಳು ಕೈಯಿಂದ ಕೈಗೆ ಹೋಯಿತು. ನೆಂಟರು ಮೂಸಿದರು. ಕಾಂತಮ್ಮ ಮೂಸಿದರು. ಪೋಸ್ಟ್‌ಮ್ಯಾನ್ ಹೊನ್ನಯ್ಯ ಮೂಸಿ, “ಕೇಸರಿ ಅಲ್ಲ ಬಿಡಿ,” ಎಂದು ಒಪ್ಪಿಕೊಂಡ. ನನ್ನ ಸರದಿ ಬಂತು. ಸಂದೇಹವೇ ಇಲ್ಲ! ಬೆಳಗಿನ ಅಕ್ಕಿರೊಟ್ಟಿಯ ವಾಸನೆ, ಮಸಾಲೆ ವಡೆಯ ವಾಸನೆ, ಬಾಣಂತಿ ಮನೆಯ ವಾಸನೆ. ಸಂತೆಯಲ್ಲಿ ಕೇಳಿದರೆ ಕೊಸರಿಗೆ ಒಂದು ಹಿಡಿ ಹಾಕಿಕೊಡುವ ಸಬ್ಬಸಿಗೆ ಸೊಪ್ಪು!

ಲಕ್ಕಣ್ಣ ಇಂಕಿನ ಫಿಲ್ಲರನ್ನು ಮೆಲ್ಲಗೆ ಡ್ರಾಯರಿನೊಳಗೆ ಇಟ್ಟ. “ಇಷ್ಟ್ ದಿನ ಸೊಪ್ಪಿಗೆ ಸಿಲೋನ್ ಸ್ಟೇಷನ್ ಹಾಡು ಹಾಕಿದ್ನಾ ಸಾರ್ ನಾನು?” ಎಂದ.

ಮಾವ ಎಸಳನ್ನು ತಾವೂ ಒಮ್ಮೆ ಮೂಸಿದರು. ಆಮೇಲೆ ನಿಧಾನವಾಗಿ ಕೇಳಿದರು. “ಅಳಿಯಂದ್ರೇ, ಆ ಬಿಳೀ ಸಾಹೇಬ್ರು ಅಷ್ಟು ದೂರದಿಂದ ಸಬ್ಬಸಿಗೆ ಹೊತ್ಕೊಂಡು ಬಂದ್ರಾ?”

“ಅವರ ದೇಶದಲ್ಲಿ ಅದನ್ನ ಮನೆ ಒಳಗೆ ಇಟ್ಟು ಸಾಕ್ತಾರೆ ಅನ್ಸುತ್ತೆ ಮಾವ. ಹೊರಗೆಲ್ಲ ಹಿಮ ನೋಡಿ...”

“ಗೆಡ್ಡೆ ಎಲ್ಲಿ ಬತ್ತದೆ ಇದ್ರಾಗೆ?”

ನಾನು ತಲೆ ತಗ್ಗಿಸಿದೆ. ಮಲ್ಲಿಕಾಂಬ ನನ್ನ ಪಕ್ಕಕ್ಕೆ ಬಂದು ನಿಂತಳು. ಕಾಪಾಡಲು ಬಂದಳೆಂದು ಕೃತಜ್ಞತೆಯಿಂದ ನೋಡಿದೆ. “ಅಪ್ಪಾ, ರೇಡಿಯೋದಾಗೆ ಹೇಳ್ಬಿಟ್ಟಿದ್ದೀಯ. ಅರ್ಧ ಎಕ್ರೆ ಅಂತ,” ಎಂದಳು.

“ಹೇಳಿದ್ಮೇಲೆ ಮುಗೀತು! ಜಿಲ್ಲೆಗೆಲ್ಲ ಕೇಳ್ಸೈತೆ. ಹಾಕ್ತೀನಿ.” ಮಾವ ಎದ್ದು ಶಲ್ಯ ಕೊಡವಿದರು. “ಬೆಳೆಯೋನು ನಾನು. ಮಾರೋರು ಮಾತ್ರ ನೀವು ಅಳಿಯಂದ್ರೇ! ಬೇಸಿಗೆ ರಜಾ ಹೆಂಗೂ ಐತೆ.”

ವಾಲ್ವು ಮಾರನೆಯ ವಾರ ಬೀರೂರಿನಿಂದ ಬಂತು. ಲಕ್ಕಣ್ಣ ಪಾತಿಯನ್ನು ಕಿತ್ತು, ಒರೆಸಿ, ರೇಡಿಯೋವನ್ನು ಮಾತಾಡಿಸಿ ಕೊಟ್ಟ. ಕಿತ್ತ ಸೊಪ್ಪನ್ನು ಮಲ್ಲಿಕಾಂಬ ರೊಟ್ಟಿಗೆ ಹಾಕಿದಳು. ಅಷ್ಟು ಹಾಡು ಕೇಳಿ ಬೆಳೆದ ಸೊಪ್ಪು, ಚೆನ್ನಾಗಿಯೇ ಇತ್ತು. ಆದರೆ ಬಹಳ ದಿನ, ಬೆಚ್ಚಗಾದಾಗಲೆಲ್ಲ ಆ ರೇಡಿಯೋದಿಂದ ವಾರ್ತೆಯ ಜೊತೆಗೆ ತೆಳ್ಳಗೆ ಸಬ್ಬಸಿಗೆಯ ವಾಸನೆ ಬರುತ್ತಿತ್ತು.

ಮಾವ ಮಾತಿಗೆ ತಪ್ಪುವವರಲ್ಲ. ಊರ ಬೀಜವನ್ನೇ ನೆಲಕ್ಕೆ ಎರಚಿ, ಮಣ್ಣು ಮುಚ್ಚಲು ಮೇಲೆ ಸೊಪ್ಪುಕೊಂಬೆಯ ಬರಲು ಎಳೆದು, ನೀರು ಹಾಯಿಸಿದರು. ಬಿಲ್ಲೆಯಿಲ್ಲ, ಬಲೆಯ ಅಂಗಿಯಿಲ್ಲ. ಅರ್ಧ ಎಕರೆ ಸಬ್ಬಸಿಗೆ ಹೊಗೆಯೆದ್ದ ಹಾಗೆ ಎದ್ದಿತು! ಬೇಸಿಗೆ ರಜೆ ಶುರುವಾಗುವುದಕ್ಕೂ ಮೊದಲ ಮೂಟೆ ತರೀಕೆರೆ ಬಸ್ಸಿನ ಟಾಪಿನಿಂದ ಇಳಿಯುವುದಕ್ಕೂ ಸರಿಹೋಯಿತು. ಹೀಗೆ ಹೈಸ್ಕೂಲು ಇಂಗ್ಲಿಷ್ ಮೇಷ್ಟ್ರಾದ ನಾನು ಅಜ್ಜಂಪುರದ ಸಂತೆಯಲ್ಲಿ ಗೋಣಿತಾಟಿನ ಮೇಲೆ ಸೊಪ್ಪಿನ ಕಟ್ಟು ಜೋಡಿಸಿಕೊಂಡು ಕೂತೆ. ಪಕ್ಕದಲ್ಲಿ ಮಲ್ಲಿಕಾಂಬ, ನೀರು ಚಿಮುಕಿಸಲು.

ಮೊದಲು ಬಂದವಳು ಹುಲಿಯಮ್ಮ. ಅವಳ ಮಗ ನನ್ನ ಕ್ಲಾಸಿನಲ್ಲೇ ಓದುತ್ತಿದ್ದ. ಒಂದು ಕಟ್ಟು ಎತ್ತಿಕೊಂಡು ತಿರುಗಿಸಿ ನೋಡಿ ಕೇಳಿದಳು.

“ಮೇಷ್ಟ್ರೇ, ಸಬ್ಬಸಿಗೆಗೆ ಇಂಗ್ಲಿಷ್ನಾಗೆ ಏನಂತಾರೆ? ನಮ್ ಹುಡುಗಂಗೆ ಹೋಗಿ ಕೇಳ್ತೀನಿ. ಗೊತ್ತೈತೋ ಇಲ್ವೋ ನೋಡಾಣ.”

ನಾನು ಆಕಾಶ ನೋಡಿದೆ. ಬಿ.ಎ.ಯಲ್ಲಿ ಓದಿದ ಪದ್ಯಗಳೆಲ್ಲ ತಲೆಯೊಳಗೆ ಗಿರ್ರನೆ ತಿರುಗಿದವು. ಅವುಗಳಲ್ಲಿ ಹೂವುಗಳಿದ್ದವು, ಹಕ್ಕಿಗಳಿದ್ದವು, ಬೆಳದಿಂಗಳು ಬೇಕಾದಷ್ಟಿತ್ತು. ಸೊಪ್ಪು ಒಂದೂ ಇರಲಿಲ್ಲ! ಇಂಗ್ಲಿಷ್ ಕವಿಗಳು ಸೊಪ್ಪಿನ ಸಾರು ಉಂಡವರೇ ಅಲ್ಲ.

“ಅದು... ಹುಲಿಯಮ್ಮ, ಇನ್ನೊಂದು ಕಟ್ಟು ತಗೋ. ಸುಮ್ನೆ ಇಟ್ಕೋ, ದುಡ್ಡು ಬೇಡ. ಮುಂದಿನ ಸಂತೆಗೆ ಹೇಳ್ತೀನಿ.”

ಹುಲಿಯಮ್ಮ ನನ್ನ ಮುಖ ನೋಡಿದಳು. ಕಟ್ಟು ನೋಡಿದಳು. ನಕ್ಕು, ಎರಡನ್ನೂ ಚೀಲಕ್ಕೆ ಹಾಕಿಕೊಂಡು ಹೋದಳು.

ಮುಂದಿನ ಸಂತೆಯಲ್ಲಿ ನಾವು ತಾಟು ಹಾಸುವ ಮುಂಚೆಯೇ ಹೆಂಗಸರ ಸಾಲು ನಿಂತಿತ್ತು. “ಮೇಷ್ಟ್ರೇ, ದಂಟಿಗೆ ಇಂಗ್ಲಿಷ್ನಾಗೆ ಏನು?” ಒಂದು ಕಟ್ಟು ಪುಕ್ಕಟೆ ಹೋಯಿತು. “ಹೊನಗೊನ್ನೆಗೆ?” ಇನ್ನೊಂದು ಹೋಯಿತು. “ಚಕ್ಕೋತ ಸೊಪ್ಪಿಗೆ?” “ಬಸಳೆಗೆ?” “ನಮ್ ಹಿತ್ಲಾಗೆ ಒಂದೈತೆ, ಹಿಂಗೆ ಎಲೆ, ಹಿಂಗೆ ಹೂವು, ಅದಕ್ಕೆ?” ಮೂಟೆ ತಳ ಕಾಣತೊಡಗಿತು. ಸಾಲು ಇನ್ನೂ ಬೆಳೆಯುತ್ತಿತ್ತು.

ಮಲ್ಲಿಕಾಂಬ ನೀರಿನ ಚೊಂಬನ್ನು ಕೆಳಗಿಟ್ಟು ನನ್ನ ಕಡೆ ತಿರುಗಿದಳು.

“ರೀ, ಯಾವ್ದಾದ್ರೂ ಒಂದಕ್ಕಾದ್ರೂ ಉತ್ತರ ಹೇಳ್ರೀ! ಇಲ್ದಿದ್ರೆ ನಮ್ಮಪ್ಪ ಇನ್ನರ್ಧ ಎಕ್ರೆ ಬಿತ್ತಬೇಕಾಗ್ತದೆ!”